ಮೀನಿಗೆ ಕಾಲು ಬರುವವರೆಗೆ

...ಅಥವಾ ಮೀನು ಸಿಕ್ಕಿದ್ದು ಶಿರಾದ ದೊಡ್ಡಕೆರೆಯ ಏರಿಯ ಮೇಲಲ್ಲ, ಕೊರಟಗೆರೆ ಹತ್ತಿರದ ಸೇತುವೆಯ ಮೇಲೇ ಇರಬಹುದು. ಅಕ್ಕ ಕೊರಟಗೆರೆ ಅನ್ನುತ್ತಾಳೆ. ಭಾವ ಶಿರಾ ಅನ್ನುತ್ತಾರೆ. ತುಮಕೂರಿನ ಆಸ್ಪತ್ರೆಯಿಂದ ಬರುವಾಗ ಕಾರಿನವನು ತನ್ನ ಯಾವುದೋ ಕೆಲಸಕ್ಕಾಗಿ ಶಿರಾ ಮೇಲೆ ಬಳಸಿಕೊಂಡು ಬಂದ ಎಂಬ ಸಿಟ್ಟು ಅವರಿಗೆ ಈಗಲೂ ಇದೆ. ಸಿಟ್ಟು ಇನ್ನೂ ಉಳಿದಿದೆ ಅಂದಮೇಲೆ ನಡೆದದ್ದು ನಿಜವೇ ಎಂಬುದು ಅವರ ವಾದ. ನನಗೆ ನೆನಪಿರುವುದು ಕಾರಿನ ಹಿಂದಿನ ಸೀಟು, ದಿಂಬಿನ ಮೇಲೆ ನೀಳವಾಗಿ ಚಾಚಿದ್ದ ಅಕ್ಕನ ಕಾಲು, ಅವಳ ಕೈಯಲ್ಲಿದ್ದ ಫೋನು, ಫೋನಿನೊಳಗೆ ಬಾಯಿ ತೆರೆದು ಮುಚ್ಚುತ್ತಿದ್ದ ಮೀನು. ಕಿಟಕಿಯ ಆಚೆ ನೀರು ತುಂಬಿ ಹೊಳೆಯುತ್ತಿತ್ತು ಎಂದು ಬರೆಯಲು ಹೊರಟಿದ್ದೆ. ನೀರು ಹೊಳೆಯುತ್ತಿದ್ದದ್ದು ಫೋನಿನಲ್ಲಿ. ಆಚೆ ಏನಿತ್ತು ಎಂದು ನಾನು ನೋಡಿದ ಹಾಗಿಲ್ಲ.

ಕಾಲಿನ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಬಲಗಾಲು. ಮೊಣಕಾಲಿನ ಸವೆದ ಕೀಲು ತೆಗೆದು ಹೊಸದು ಕೂರಿಸಿದ್ದರು. ಮನೆಗೆ ಕಳಿಸುವ ದಿನ ಡಾಕ್ಟರು ಅಕ್ಕನನ್ನು, ಭಾವನನ್ನು, ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದು ಇಷ್ಟು: ಮನೆಯಲ್ಲಿ ಮಲಗಿಬಿಟ್ಟರೆ ಕೀಲು ಹಿಡಿದುಕೊಳ್ಳುತ್ತದೆ, ದಿನಾ ನಡೆಯಬೇಕು, ದಿನಾ ಮಡಚಬೇಕು. ಮತ್ತೆ ತೋರಿಸಲು ಬಂದಾಗ ಸ್ಟೂಲಿನ ಮೇಲೆ ಕೂರಿಸುತ್ತೇನೆ, ಪಾದ ಹಿಂದಕ್ಕೆ ಸರಿದು ಸ್ಟೂಲಿನ ಕೆಳಗೆ ಹೋಗಬೇಕು. ಹೋಗದಿದ್ದರೆ ಮತ್ತೆ ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗಿ, ಮತ್ತು ಬರಿಸಿ, ನಾವೇ ಬಲವಂತವಾಗಿ ಮಡಚಬೇಕಾಗುತ್ತದೆ.

ಅಕ್ಕನ ಮುಖ ಬಿಳಿಚಿಕೊಂಡದ್ದನ್ನು ನೋಡಿದೆ. ಮೊದಲ ಸಲ ಅವಳಿಗೆ ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರು. ಪರದೆಯ ಆಚೆ ತನ್ನದೇ ಮೂಳೆಗೆ ಸುತ್ತಿಗೆ ಬೀಳುವ ಸದ್ದನ್ನು ಅವಳು ಪೂರ್ತಿ ಕೇಳಿಸಿಕೊಂಡಿದ್ದಳು. ಬಡಗಿ ಮನೆ ಕಣ್ಲಾ ಅದು, ಸತ್ತರೂ ಇನ್ನೊಂದ್ ಸಲ ಅಲ್ಲಿಗೆ ಬರಕಿಲ್ಲ ಅಂದಿದ್ದಳು. ಹಾಗಾದರೆ ನಡೆಯಬೇಕು. ವಿಷಯ ಇಷ್ಟೇ, ಇದಕ್ಕಿಂತ ದೊಡ್ಡದೇನೂ ಇಲ್ಲಿಲ್ಲ.

ಮೀನು ಬಂದದ್ದು ನನ್ನಿಂದ. ನನಗೆ ಸಕ್ಕರೆ ಕಾಯಿಲೆ. ಮಧುಗಿರಿಯಲ್ಲಿ ಮೇಷ್ಟ್ರಾಗಿರುವ ನಾನು ಬೆಟ್ಟದ ಬುಡದಲ್ಲಿ ದಿನಾ ನಡೆಯಬೇಕೆಂದು ನನ್ನ ಡಾಕ್ಟರು ಹೇಳಿದಾಗ, ಬೇಸರ ಕಳೆಯಲು ಫೋನಿನಲ್ಲಿ ಒಂದು ಆಟ ಹಾಕಿಕೊಂಡಿದ್ದೆ. ಹೊರದೇಶದ ಯಾವುದೋ ಕಂಪನಿ ವರ್ಷಗಳಿಂದ ಒಂದರ ಹಿಂದೆ ಒಂದು ತರುತ್ತಿರುವ ಆಟಗಳ ಸಾಲಿನಲ್ಲಿ ಅದೂ ಒಂದು. ನಾವು ನಡೆದ ಹಾಗೆ ನಕ್ಷೆಯ ಮೇಲೆ ವಿಚಿತ್ರ ಜೀವಿಗಳು ಎದುರಾಗುತ್ತವೆ, ಹಿಡಿದು ಸಾಕಬೇಕು. ರೆಕ್ಕೆಯವು, ಕೊಂಬಿನವು, ಬೆಂಕಿ ಉಗುಳುವವು. ಈ ಮೀನು ಅವುಗಳಲ್ಲಿ ಅತ್ಯಂತ ಕೈಲಾಗದ್ದು. ಮೈ ಗುಂಡಗೆ, ಬಾಲ ಮೊಂಡು, ಎರಡು ಕಣ್ಣು ಎರಡು ದಿಕ್ಕಿಗೆ, ತುಟಿಯ ಮೇಲೆ ನಾಲ್ಕು ಎಳೆ ಮೀಸೆ. ಹೊಟ್ಟೆಯ ಕೆಳಗೆ ಕಾಲಾಗಬೇಕೆಂದು ಹೊರಟು ಅರ್ಧಕ್ಕೇ ನಿಂತ ಎರಡು ಗಂಟು. ಕಾದಾಟಕ್ಕೆ ಬಿಟ್ಟರೆ ಬಾಯಿ ತೆರೆದು ಮುಚ್ಚುವುದಷ್ಟೇ ಅದರ ವಿದ್ಯೆ. ನಕ್ಷೆಯಲ್ಲಿ ನೀಲಿ ಬಣ್ಣ ಇದ್ದಲ್ಲಿ ಮಾತ್ರ ಸಿಗುತ್ತದೆ. ಅದನ್ನು ಜೊತೆಗಿಟ್ಟುಕೊಂಡು ಯಜಮಾನ ನಡೆದಷ್ಟೂ ಅದರ ಕಾಲಿನ ಗಂಟು ಬಲಿಯುತ್ತದೆ, ಪೂರ್ತಿ ಬಲಿತ ದಿನ ನೀರು ಬಿಟ್ಟು ದಡ ಹತ್ತುತ್ತದೆ. ಆಮೇಲೆ ಏನಾಗುತ್ತದೆ ಎಂದು ಆಟ ಮೊದಲೇ ಹೇಳುವುದಿಲ್ಲ. ನಾನು ಅಲ್ಲಿಯವರೆಗೆ ಯಾವತ್ತೂ ಮುಟ್ಟಿರಲಿಲ್ಲ.

ನಡೆಯಬೇಕಾದ ಹೆಂಗಸಿಗೆ ನಡೆದರೆ ಕಾಲು ಬರುವ ಮೀನು. ಇಷ್ಟು ಸಲೀಸಾಗಿ ಹೊಂದಿಕೊಳ್ಳುವುದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನೇ ನಂಬುತ್ತಿರಲಿಲ್ಲ. ಮೀನಿನ ಆ ಗುಣ ಮೊದಲೇ ಗೊತ್ತಿದ್ದು ಅವಳ ಫೋನಿಗೆ ಹಾಕಿದೆನೋ, ಆಸ್ಪತ್ರೆಯಲ್ಲಿ ಹೊತ್ತು ಹೋಗಲಿ ಎಂದು ಹಾಕಿ ಆಮೇಲೆ ಬುದ್ಧಿವಂತನಾದೆನೋ ನೆನಪಿಲ್ಲ. ಎರಡನೆಯದೇ ಇರಬೇಕು. ಅವಳು ಬೇರೆ ಜೀವಿಗಳನ್ನು ಮೂಸಿಯೂ ನೋಡಲಿಲ್ಲ. ದಾರಿಯಲ್ಲಿ ಈ ಮೀನು ಸಿಕ್ಕಾಗ ಮುಂದಿನ ಸೀಟಿನಲ್ಲಿದ್ದ ಭಾವನಿಗೆ ಕೇಳಿಸುವ ಹಾಗೆ ನಕ್ಕಳು.

"ಇದು ನಿಮ್ ಭಾವ ಕಣ್ಲಾ. ಏನೋ ಯೇಳೋನಂಗೆ ಬಾಯ್ ತೆಗೀತದೆ, ಮಾತೇ ಬರಕಿಲ್ಲ."

ಭಾವ ಹಿಂದಕ್ಕೆ ತಿರುಗಿ, ಬಾಯಿ ತೆರೆದು, ಮುಚ್ಚಿ, ಮತ್ತೆ ರಸ್ತೆ ನೋಡಿದರು.

ಅವರ ಊರು ಪಾವಗಡದಾಚೆ, ತಿರುಮಣಿ ಹತ್ತಿರ. ಹೊಲವೆಲ್ಲ ಸೋಲಾರ್ ಪಾರ್ಕಿಗೆ ಹೋಗಿದೆ, ಮಾರಿದ್ದಲ್ಲ, ಗುತ್ತಿಗೆಗೆ ಕೊಟ್ಟದ್ದು. ಹೊಲ ಬೇಲಿಯೊಳಗೆ ಸೇರಿದ ಮೇಲೆ ಊರಿನ ನಡಿಗೆ ನಿಂತುಹೋಗಿದೆ. ಇದನ್ನು ಯಾರೂ ಹೇಳುವುದಿಲ್ಲ, ನನಗೂ ಅಕ್ಕನ ಕಾಲಿನಿಂದಾಗಿಯೇ ಕಂಡದ್ದು. ಬೆಳಿಗ್ಗೆ ಎದ್ದು ಹೊಲಕ್ಕೆ, ಮಧ್ಯಾಹ್ನ ಬುತ್ತಿ ಹೊತ್ತು ಹೊಲಕ್ಕೆ, ಸಂಜೆ ಹುಲ್ಲಿನ ಹೊರೆ ಹೊತ್ತು ಮನೆಗೆ ಅಂತ ನಡೆಯುತ್ತಿದ್ದವರು ಈಗ ಜಗುಲಿಯ ಮೇಲೆ ಕೂತಿರುತ್ತಾರೆ. ಕೂತವರು ಹಾದುಹೋಗುವವರನ್ನೆಲ್ಲ ಕೇಳುತ್ತಾರೆ: ಎಲ್ಲಿಗೆ? ಅಲ್ಲಿ ಅದೇ ನಮಸ್ಕಾರ. ಕನ್ನಡದವರು ಕನ್ನಡದಲ್ಲಿ, ತೆಲುಗಿನವರು ತೆಲುಗಿನಲ್ಲಿ. ಅದಕ್ಕೆ ಒಂದು ಉತ್ತರ ಕೊಡಬೇಕು, ಉತ್ತರಕ್ಕೆ ತಕ್ಕ ಹಾಗೆ ಕೈಯಲ್ಲಿ ಏನಾದರೂ ಇರಬೇಕು. ಕುಡುಗೋಲೋ, ಬುಟ್ಟಿಯೋ, ಬಿಂದಿಗೆಯೋ. ಬರಿಗೈಯಲ್ಲಿ ಊರಿನಲ್ಲಿ ನಡೆಯುವ ಹೆಂಗಸನ್ನು ನಾನು ಅಲ್ಲಿ ನೋಡಿಲ್ಲ.

ಮೊದಲ ಭಾನುವಾರ ನಾನೇ ಹೋಗಿ ಅವಳನ್ನು ಹೊರಡಿಸಿದೆ. ಕೈಯಲ್ಲಿ ವಾಕರು, ಕೊರಳಿಗೆ ನೇತುಹಾಕಿದ ಫೋನು. ಎದುರುಮನೆಯ ಜಗುಲಿಯಿಂದಲೇ ತೆಲುಗಿನಲ್ಲಿ ಶುರುವಾಯಿತು. "ಯಾಡಿಕಕ್ಕಾ?" ಅಕ್ಕ ಅಂಗಡಿಗೆ ಅಂದಳು. ಅಂಗಡಿ ದಾಟಿದೆವು. ಅಂಗಡಿಯ ಪಕ್ಕದ ಮನೆಯಾಕೆ ಎಲ್ಲಿಗೆ ಎಂದು ಕೇಳಿದಳು. ಅಕ್ಕ ಮತ್ತೆ ಅಂಗಡಿಗೆ ಅಂದಳು. ಅಂಗಡಿ ಹಿಂದಾಯ್ತಲ್ಲಕ್ಕ ಎಂದು ಆಕೆ ಕನಿಕರದಿಂದ ಹೇಳಿದಳು. ಕಾಲಿನ ಜೊತೆ ತಲೆಗೂ ಏನೋ ಆಗಿದೆ ಎಂದುಕೊಂಡಿರಬೇಕು. ಅಕ್ಕ ಅಲ್ಲೇ ವಾಕರು ತಿರುಗಿಸಿದಳು.

"ಸುಮ್ಮನೆ ವಾಕಿಂಗು ಅನ್ನಕ್ಕ, ಏನಾಗುತ್ತೆ?" ಅಂದೆ.

"ಸುಮ್ನೆ ಯಾರ್ಲಾ ನಡೀತಾರೆ? ಉಚ್ಚು ಇಡ್ದೋರು."

"ಮಧುಗಿರಿಯಲ್ಲಿ ಎಲ್ಲರೂ ನಡೀತಾರೆ."

"ನಿಮ್ ಮಧುಗಿರೀಲಿ ಎಲ್ರುಗೂ ಇಡ್ದದೆ ಬುಡು."

ಮುಂದಿನ ವಾರ ಅವಳೇ ಉಪಾಯ ಮಾಡಿದ್ದಳು. ವಾಕರು ಬಿಟ್ಟು ಕೋಲು ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಖಾಲಿ ಪ್ಲಾಸ್ಟಿಕ್ ಬಿಂದಿಗೆ. ಈಗ ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೇ ಇರಲಿಲ್ಲ. ಬದಲಿಗೆ ಮೂರನೆಯ ಮನೆಯ ಹೆಂಗಸು ಇಳಿದು ಬಂದು ಬಿಂದಿಗೆ ಕಸಿದುಕೊಂಡಳು. ಕೊಯ್ದ ಕಾಲಿನಲ್ಲಿ ಹೆಂಡತಿಯನ್ನು ನೀರಿಗೆ ಕಳಿಸಿದ್ದಾನಲ್ಲ, ಅವನೆಂಥ ಗಂಡಸು ಎಂದು ಬೀದಿಗೆಲ್ಲ ಕೇಳಿಸುವ ಹಾಗೆ ಅಂದು, ನಲ್ಲಿಯಿಂದ ತುಂಬಿಸಿ ಮನೆಗೇ ತಂದಿಟ್ಟಳು. ಟೀ ಅಂಗಡಿಯಲ್ಲಿ ಭಾವನಿಗೆ ಅದೇ ಮಾತು ನಾಲ್ಕು ಬಾಯಿಂದ ಕೇಳಿಸಿತು. ಸಂಜೆ ಬಂದು ಬಿಂದಿಗೆಯನ್ನು ಅಟ್ಟದ ಮೇಲೆ ಹಾಕಿದರು. ಅವರು ಮಾತಾಡಿದ್ದು ಅಪರೂಪಕ್ಕೆ ಅವತ್ತು, ಅದೂ ನನ್ನ ಕಡೆ ತಿರುಗಿ: ನಿನ್ನ ಆಟ ನಮ್ಮ ಮರ್ಯಾದೆ ಕಳೀತಾ ಇದೆ.

ನನಗೆ ತಲೆ ಕೆಟ್ಟುಹೋಯಿತು. ಕೀಲು ಒಳಗೆ ಹಿಡಿದುಕೊಳ್ಳುತ್ತಿದೆ, ಇವರು ಬಿಂದಿಗೆಯ ಮಾತಾಡುತ್ತಿದ್ದಾರೆ. ಯಾರಾದರೂ ಕೇಳಿದರೆ ಮೀನಿಗೋಸ್ಕರ ನಡೀತಿದೀನಿ ಅನ್ನು ಎಂದು ಅಕ್ಕನಿಗೆ ರೇಗಿದೆ.

"ಮೀನ್ ಮೇಯ್ಸಕ್ಕೆ ಓಯ್ತಿದೀನಿ ಅನ್ಲಾ?" ಅಂದಳು.

"ಅನ್ನು."

ಅವಳು ನಗಲಿಲ್ಲ. ಯೋಚಿಸುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ಈಗ ಅನ್ನಿಸುವುದಕ್ಕೆ ಬೆಲೆಯಿಲ್ಲ.

ಆಟದಲ್ಲಿ ಅವಳೂ ನಾನೂ ಸ್ನೇಹಿತರೆಂದು ಸೇರಿಸಿದ್ದೆ. ಹಾಗಾಗಿ ನನ್ನ ಫೋನಿನಲ್ಲಿ ಅವಳ ಮೀನು ಕಾಣುತ್ತಿತ್ತು, ಅದು ಎಷ್ಟು ನಡೆದಿದೆ, ಕಾಲು ಎಷ್ಟು ಬಂದಿದೆ ಎಂಬುದೂ. ಮಧುಗಿರಿಗೆ ವಾಪಸು ಬಂದ ಮೇಲೆ ದಿನಾ ನೋಡುತ್ತಿದ್ದೆ. ಮೀನು ನಿಂತಲ್ಲೇ ನಿಂತು ಬಾಯಿ ತೆರೆದು ಮುಚ್ಚುತ್ತಿತ್ತು. ಫೋನು ಮಾಡಿ ಬೈಯುತ್ತಿದ್ದೆ. ನಾಳೆಯಿಂದ ಅನ್ನುತ್ತಿದ್ದಳು. ನಾಳೆಯೂ ಮೀನು ಅಲ್ಲೇ. ಚನ್ನರಾಯನದುರ್ಗದ ಬೆಟ್ಟವನ್ನು ಓಡಿಕೊಂಡು ಹತ್ತುತ್ತಿದ್ದವಳು ನೀನು, ನಾಲ್ಕು ಹೆಜ್ಜೆ ಹಾಕಲು ಇಷ್ಟು ಸೋಗೇ ಎಂದು ಒಂದು ದಿನ ಕೂಗಾಡಿದೆ. ನಾವು ಬೆಳೆದ ಊರು ಆ ಬೆಟ್ಟದ ಕೆಳಗೆ. ಲಂಗ ಎತ್ತಿ ಕಟ್ಟಿಕೊಂಡು ಬಂಡೆಯ ಮೇಲೆ ನನಗಿಂತ ಮುಂದೆ ಓಡುತ್ತಿದ್ದ ಅಕ್ಕ ನನ್ನ ಕಣ್ಣಿಗೆ ಕಟ್ಟಿದ ಹಾಗಿದ್ದಾಳೆ.

ಅದಕ್ಕೆ ಅವಳು ಹೇಳಿದಳು, ತಾನು ಆ ಬೆಟ್ಟ ಹತ್ತಿದವಳೇ ಅಲ್ಲವಂತೆ. ಕೆಳಗೆ ಮೇಕೆ ಕಾಯುತ್ತಿದ್ದಳಂತೆ. ಹತ್ತುತ್ತಿದ್ದವನು ನಾನಂತೆ, ಅವಳು ಕೂಗಿ ಕರೆಯುತ್ತಿದ್ದಳಂತೆ. ಹಾಗಾದರೆ ನನ್ನ ಮುಂದೆ ಲಂಗ ಕಟ್ಟಿಕೊಂಡು ಓಡುವವಳು ಯಾರು? ಆ ರಾತ್ರಿ ಮೊಣಕಾಲಿಗಿಂತ ಇದೇ ಹೆಚ್ಚು ಕಾಡಿತು, ಅದಕ್ಕೂ ನನ್ನ ಮೇಲೇ ಸಿಟ್ಟು ಬಂತು.

ಅದಾಗಿ ಸ್ವಲ್ಪ ದಿನಕ್ಕೆ ಮೀನು ನಡೆಯತೊಡಗಿತು.

ಶಾಲೆಯಲ್ಲಿ ಪಾಠಗಳ ನಡುವೆ ಫೋನು ತೆಗೆದು ನೋಡಿದರೆ ನಡೆಯುತ್ತಿದೆ. ಊಟದ ಬಿಡುವಿನಲ್ಲಿ ನೋಡಿದರೆ ನಡೆಯುತ್ತಿದೆ. ಮೊದಲ ದಿನವೇ ಒಂದು ಗಂಟು ಉದ್ದವಾಯಿತು, ವಾರ ಕಳೆಯುವುದರೊಳಗೆ ಅದಕ್ಕೆ ಬೆರಳು ಮೂಡಿದವು. ನಾನು ಹೆಂಡತಿಗೆ ತೋರಿಸಿದೆ, ಸಹೋದ್ಯೋಗಿಗಳಿಗೆ ತೋರಿಸಿದೆ. ರಾತ್ರಿ ಅಕ್ಕನಿಗೆ ಫೋನು ಮಾಡಿ ಹೊಗಳಿದೆ. ಹೂಂ ಅಂದಳು. ನೋವು ಹೇಗಿದೆ ಎಂದರೆ ಐತೆ ಅಂದಳು. ಇಷ್ಟೊಂದು ಮೈಮೇಲೆ ಹಾಕಿಕೊಳ್ಳಬೇಡ, ನಡುವೆ ಕೂತು ಸುಧಾರಿಸಿಕೋ ಎಂದು ಈಗ ನಾನೇ ತಡೆಯುವ ಹಾಗಾಯಿತು. ಅದಕ್ಕೂ ಹೂಂ. ಕೋಲು ಹಿಡಿದ ಹೆಂಗಸು ಬೆಳಿಗ್ಗೆಯಿಂದ ಸಂಜೆಯವರೆಗೆ ಹೇಗೆ ನಡೆಯುತ್ತಾಳೆ ಎಂದು ಕೇಳಿಕೊಳ್ಳಬಹುದಿತ್ತು. ಕೇಳಿಕೊಂಡರೆ ಖುಷಿ ಹೋಗುತ್ತಿತ್ತು.

ಡಾಕ್ಟರಿಗೆ ತೋರಿಸುವ ದಿನ ಹತ್ತಿರ ಬಂದಾಗ, ಹೇಳದೆ ಕೇಳದೆ ಹೊರಟೆ. ಪಾವಗಡದವರೆಗೆ ಬಸ್ಸು, ಅಲ್ಲಿಂದ ಆಟೋ. ಸೋಲಾರಿನ ಬೇಲಿಗುಂಟ ಹೋಗುವ ದಾರಿಯಲ್ಲಿ ಕುರಿ ಹಿಂಡೊಂದು ಅಡ್ಡ ಬಂದು ಆಟೋ ನಿಂತಿತು. ಹಿಂಡು ಭಾವನ ಚಿಕ್ಕಪ್ಪನದು. ವಯಸ್ಸಾದವರು, ಊರಿನಲ್ಲಿ ಈಗಲೂ ನಡೆಯುವವರು ಅವರೊಬ್ಬರೇ. ನಾನು ಇಳಿದು ಮಾತಾಡಿಸಿದೆ. ಎಲ್ಲಿಗೆ ಎಂದು ಕೇಳಿದರು, ಅಕ್ಕನ ಮನೆಗೆ ಅಂದೆ. ಅಷ್ಟರಲ್ಲಿ ಹಿಂಡಿನ ಮುಂದಿದ್ದ ದೊಡ್ಡ ಟಗರಿನ ಕೊರಳಿನಿಂದ, ನನಗೆ ಚೆನ್ನಾಗಿ ಗೊತ್ತಿರುವ ಒಂದು ಸಣ್ಣ ಶಬ್ದ ಬಂತು. ಮೀನಿಗೆ ಹಸಿವಾದಾಗ ಆಟ ಮಾಡುವ ಶಬ್ದ.

ಟಗರಿನ ಕೊರಳಿನಲ್ಲಿ ಹಳೆಯ ಸೀರೆಯ ಬಟ್ಟೆಯಲ್ಲಿ ಹೊಲಿದ ಚೀಲ. ಚೀಲದೊಳಗೆ ಫೋನು, ಫೋನಿಗೆ ಅಂಟಿಕೊಂಡು ಚಾರ್ಜು ಕೊಡುವ ಡಬ್ಬಿ.

"ನಿಮ್ ಅಕ್ಕಂದೇ ಕಣಪ್ಪ," ಅಂದರು ಮುದುಕರು, ಯಾವ ಅವಸರವೂ ಇಲ್ಲದೆ. "ಅದ್ರಾಗೆ ಒಂದ್ ಮೀನೈತಂತೆ, ಮೇಯ್ಬೇಕಂತೆ. ಎಂಗೂ ಕುರಿ ಓಯ್ತಾವೆ, ಅದೂ ಓಗ್ಲಿ ಅಂತ ಕಟ್ಟೌರೆ."

"ನಡೆಯಬೇಕಾದ್ದು ಅಕ್ಕ, ಮಾವ."

"ಮೊದ್ಲು ನಿಮ್ ಭಾವ ಗಾಡೀಲಿ ಇಟ್ಕಂಡು ಸುತ್ತಿದ್ನಪ್ಪ. ಗಾಡೀಲಿ ಓದ್ರೆ ಒಪ್ಪಕಿಲ್ವಂತೆ ಅದು, ಬಲ್ ಉಷಾರು. ಟಗರು ಆದ್ರೆ ಒಪ್ತದೆ." ಟಗರಿನ ಬೆನ್ನು ತಟ್ಟಿದರು. "ಇದುಕ್ಕೂ ಈಗ ಅದಿಲ್ದಿದ್ರೆ ಆಗಕಿಲ್ಲ."

ಭಾವ! ನನ್ನ ಆಟದಿಂದ ಮರ್ಯಾದೆ ಹೋಯಿತೆಂದವರು ಮೀನನ್ನು ಗಾಡಿಯಲ್ಲಿ ಕೂರಿಸಿಕೊಂಡು ಸುತ್ತಿದ್ದಾರೆ. ಆಟೋದವನಿಗೆ ಬಾಡಿಗೆ ಕೊಟ್ಟು ಕಳಿಸಿ ಉಳಿದ ದಾರಿ ನಡೆದೇ ಹೋದೆ. ಬಿಸಿಲು ಬೇಲಿಯಾಚೆಯ ಗಾಜುಗಳ ಮೇಲಿಂದ ಕಣ್ಣಿಗೆ ಹೊಡೆಯುತ್ತಿತ್ತು. ನಾನು ಹೊಗಳಿದ್ದು, ಸುಧಾರಿಸಿಕೋ ಅಂದದ್ದು, ಸಹೋದ್ಯೋಗಿಗಳಿಗೆ ತೋರಿಸಿದ್ದು, ಎಲ್ಲ ಒಂದು ಟಗರಿನ ನಡಿಗೆಯನ್ನು.

ಅಕ್ಕ ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಬಲಗಾಲು ಎದುರಿನ ಇನ್ನೊಂದು ಕುರ್ಚಿಯ ಮೇಲೆ ಕೋಲಿನ ಹಾಗೆ ನೆಟ್ಟಗಿತ್ತು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಗಿರಬೇಕು.

"ಚಿಕ್ಕಪ್ಪ ಸಿಕ್ಕಿದ್ರಾ?" ಅಂದಳು.

ನಾನು ಏನೇನು ಅಂದೆ ಎಂದು ಬರೆಯಬಲ್ಲೆ, ಆದರೆ ಅದನ್ನು ಮಧುಗಿರಿಗೆ ಹಿಂತಿರುಗುವ ಬಸ್ಸಿನಲ್ಲಿ ತಿದ್ದಿ ಚಂದ ಮಾಡಿಕೊಂಡದ್ದರಿಂದ ಬಿಡುತ್ತೇನೆ. ಯಾರಿಗೆ ಮೋಸ ಮಾಡುತ್ತಿದ್ದೀಯ, ಆ ಮೀನಿಗೋ ಡಾಕ್ಟರಿಗೋ ಎಂದು ಕೇಳಿದ್ದಂತೂ ಹೌದು.

"ನಿಂಗೆ ಕಣ್ಲಾ," ಅಂದಳು. ಬೀಜ ತೆಗೆಯುವುದನ್ನು ನಿಲ್ಲಿಸಲಿಲ್ಲ. "ದಿನಾ ಫೋನ್ ಮಾಡಿ ಬೈತಿದ್ದೆ. ಮೀನ್ ನಡ್ದ್ ಮೇಲೆ ಬೈಯದು ಬುಟ್ಟೆ."

"ಮತ್ತೆ ಥಿಯೇಟರಿಗೆ ಹಾಕಿದರೆ ಏನು ಮಾಡ್ತೀಯ?"

"ಅದ್ಕೇ ಅಲ್ವಾ ಎದೆ ಒಡ್ಕಂತಿರೋದು. ನಿಂಗೇನು, ಫೋನ್ ನೋಡ್ತೀಯ. ಕಾಲ್ ಎಂಗೈತೆ ಅಂತ ಬಂದ್ ನೋಡಿದ್ಯಾ?"

ಈಗ ಬಂದಿದ್ದೇನಲ್ಲ, ತೋರಿಸು, ಮಡಚು ಎಂದು ಬಾಗಿದೆ. ಕಾಲು ಮುಟ್ಟಲು ಬಿಡಲಿಲ್ಲ. ಹುಣಸೆ ಅಂಟಿದ ಕೈಯಲ್ಲೇ ನನ್ನ ಕೈ ತಳ್ಳಿದಳು. ನೋವಿನಿಂದ ಬಿಡಲಿಲ್ಲವೋ ಸಿಟ್ಟಿನಿಂದ ಬಿಡಲಿಲ್ಲವೋ. ನಾನು ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತೆ. ಅಲ್ಲಿ ಎಷ್ಟು ಹೊತ್ತು ಕೂತಿದ್ದೆನೋ, ಕುರಿಗಳು ತಮ್ಮ ದೊಡ್ಡಿಗೆ, ರೊಪ್ಪಕ್ಕೆ, ಹೋಗುವ ಸದ್ದು ಊರಿನ ಆ ತುದಿಯಿಂದ ಕೇಳಿಸಿತು. ಮುಖ ತೊಳೆದು ಒಳಗೆ ಬಂದಾಗ ಸೀರೆಬಟ್ಟೆಯ ಚೀಲ ಅಕ್ಕನ ಮಡಿಲಲ್ಲಿತ್ತು. ಭಾವ ಗೋಡೆಗೆ ಒರಗಿ ನಿಂತಿದ್ದರು.

ಫೋನಿನಲ್ಲಿ ಮೀನು ದಡದ ಅಂಚಿಗೆ ಬಂದು ನಿಂತಿತ್ತು. ಎರಡು ಕಾಲೂ ಪೂರ್ತಿ ಬಂದಿದ್ದವು. ಹತ್ತಲಿ ಎಂದು ಬೆರಳು ಒತ್ತಿದರೆ ಸಾಕು. ಇಷ್ಟು ವರ್ಷ ಆಡಿ ನಾನು ನೋಡದೆ ಇದ್ದದ್ದು ಅದು, ಸಿಟ್ಟಿನಲ್ಲಿದ್ದರೂ ಹತ್ತಿರ ಹೋಗಿ ನಿಂತೆ. ಅಕ್ಕ ಬೆರಳನ್ನು ಸೆರಗಿಗೆ ಒರೆಸಿಕೊಂಡು ಒತ್ತಿದಳು. ಬೆಳಕು ಬಂತು, ಸದ್ದು ಬಂತು. ಮೀನು ದಡ ಹತ್ತಿ ಮೈ ಕೊಡವಿತು. ಮೀಸೆ ಉದುರಿತು, ಬಾಲ ಸಣ್ಣಗಾಯಿತು, ಬೆನ್ನ ಮೇಲೆ ಮುಳ್ಳು ಎದ್ದವು, ಕತ್ತು ಮೇಲೆ ಕೆಳಗೆ ಆಡತೊಡಗಿತು. ಬಾಯಿ ಮುಚ್ಚಿತ್ತು.

ಮೂವರೂ ನೋಡಿದೆವು.

"ಥೂ," ಅಂದಳು ಅಕ್ಕ. "ಇಷ್ಟ್ ಮೇಯ್ಸಿ ಕೊನೀಗೆ ಓತಿಕ್ಯಾತ."

ಭಾವ ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೆ ಮಾತ್ರ ನಗು ಬರಲಿಲ್ಲ. ಇಷ್ಟು ದಿನದ ಜಗಳ, ಬಿಂದಿಗೆ, ಟಗರು, ಎಲ್ಲ ಸೇರಿ ಬೇಲಿಯ ಮೇಲೆ ಕತ್ತು ಆಡಿಸುವ ಒಂದು ಓತಿಕ್ಯಾತ. ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟು ಅದನ್ನು ತೆಗೆದುಹಾಕಲು ಹೇಳಿದಳು. ತೆಗೆದುಹಾಕಿದೆ.

ತೋರಿಸುವ ದಿನ ಮೂವರೂ ತುಮಕೂರಿಗೆ ಹೋದೆವು. ಮಧುಗಿರಿ ದಾಟುವಾಗ ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಡಾಕ್ಟರು ಸ್ಟೂಲಿನ ಮೇಲೆ ಕೂರಿಸಿದರು. ಬಲಗಾಲು ನೆಲಕ್ಕೆ ಊರಿ ಹಿಂದಕ್ಕೆ ಎಳೆದುಕೊಳ್ಳಿ ಅಂದರು. ಅಕ್ಕ ಹಲ್ಲು ಕಚ್ಚಿದಳು. ಪಾದ ನೆಲವನ್ನು ಉಜ್ಜಿಕೊಂಡು ನಿಧಾನವಾಗಿ ಹಿಂದಕ್ಕೆ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಹಿಮ್ಮಡಿ ಸ್ಟೂಲಿನ ಕೆಳಗೆ ಹೋಯಿತು. ಡಾಕ್ಟರು ಬಗ್ಗಿ ನೋಡಿ, ಪರವಾಗಿಲ್ಲಮ್ಮ, ಥಿಯೇಟರು ಬೇಡ, ಹೀಗೇ ನಡೆಯುತ್ತಿರಿ ಅಂದರು.

ಹೀಗೇ ಅಂದರೆ ಹೇಗೆ? ನನಗೆ ಸಮಾಧಾನವಾಗಬೇಕಿತ್ತು. ಆಯಿತು ಕೂಡ. ಆದರೆ ಕುರ್ಚಿಯ ಮೇಲೆ ಕೋಲಿನ ಹಾಗೆ ಬಿದ್ದಿದ್ದ ಕಾಲು ಮಡಚಿದ್ದು ಹೇಗೆಂದು ಯಾರೂ ಹೇಳಲಿಲ್ಲ. ಹೊರಗೆ ಬಂದು ಕೇಳಿದೆ. ಅಕ್ಕ, ದೇವರು ದೊಡ್ಡೋನು ಅಂದಳು.

ಆಮೇಲೆ ಒಂದು ಸಲ ಊರಿಗೆ ಹೋದಾಗ ಚಿಕ್ಕಪ್ಪ ಮಾತಿನ ನಡುವೆ ಒಂದು ಸಂಗತಿ ಹೇಳಿದರು. ಬೆಳಿಗ್ಗೆ ಕುರಿ ಬಿಡುವ ಮೊದಲು ರೊಪ್ಪದ ಹತ್ತಿರ ಬಂದು, ಬಗ್ಗಿ, ಟಗರಿನ ಕೊರಳಿಗೆ ಚೀಲ ಕಟ್ಟುತ್ತಿದ್ದವಳು ಅಕ್ಕನೇ ಅಂತೆ, ಸಂಜೆ ಬಂದು ಬಿಚ್ಚಿಕೊಂಡು ಹೋಗುತ್ತಿದ್ದವಳೂ ಅವಳೇ ಅಂತೆ. ರೊಪ್ಪ ಊರಿನ ಆ ಕೊನೆಯಲ್ಲಿದೆ, ಅಂದರೆ ದಿನಕ್ಕೆ ಎರಡು ಸಲ ಊರಿನುದ್ದ ನಡಿಗೆ. ದಾರಿಯಲ್ಲಿ ಎಲ್ಲಿಗೆ ಎಂದು ಕೇಳಿದವರಿಗೆ ಕುರಿ ತಾವಕ್ಕೆ ಅನ್ನುತ್ತಿದ್ದಳಂತೆ, ಮತ್ತೆ ಯಾರೂ ಏನೂ ಕೇಳುತ್ತಿರಲಿಲ್ಲವಂತೆ.

ಇದನ್ನು ನಂಬಿಬಿಡಲು ನನಗೆ ಎಷ್ಟು ಆಸೆಯಾಯಿತು ಎಂಬುದೇ ನನ್ನ ಅನುಮಾನಕ್ಕೆ ಕಾರಣ. ಅಕ್ಕನನ್ನು ಕೇಳಿದೆ. ನಾನ್ಯಾಕ್ ಓಗ್ಲಿ, ನಿಮ್ ಭಾವ ಕಟ್ಟಿ ಬರೋರು ಅಂದಳು. ಭಾವನನ್ನು ಕೇಳಿದೆ. ತಾನಲ್ಲ, ಚಿಕ್ಕಪ್ಪನೇ ಮನೆಗೆ ಬಂದು ಇಸಕೊಂಡು ಹೋಗುತ್ತಿದ್ದ ಅಂದರು. ಚಿಕ್ಕಪ್ಪನನ್ನು ಮತ್ತೆ ಕೇಳಿದರೆ ಈ ಸಲ ಅವರಿಗೂ ಅಷ್ಟು ಖಾತ್ರಿ ಇರಲಿಲ್ಲ, ಯಾರೋ ಕಟ್ಟೋರಪ್ಪ ಅಂದುಬಿಟ್ಟರು. ಅಕ್ಕ ಈಗ ಕೋಲಿಲ್ಲದೆ ನಡೆಯುತ್ತಾಳೆ, ನೋವು ಪೂರ್ತಿ ಹೋಗಿಲ್ಲ ಅನ್ನುತ್ತಾಳೆ. ಅಷ್ಟು ದಿನ ಆ ಟಗರಿನ ಕೊರಳಿಗೆ ಚೀಲ ಕಟ್ಟುತ್ತಿದ್ದವರು ಯಾರು ಎಂಬುದು ನನಗೆ ಗೊತ್ತಿಲ್ಲ.